ಏಳು ಕಲ್ಲಿನ ಸಾಮ್ರಾಜ್ಯ

ತಮ್ಮ: ಅಣ್ಣಾ, ಗೇಮ್ ಮಾಡ್ತಿದೀವಿ. ಇಡೀ ವಿಜಯನಗರ ಸಾಮ್ರಾಜ್ಯ! ಹಂಪಿಯಿಂದ ಕರಾವಳಿವರೆಗೂ ಕುದುರೆ ಓಡಿಸಬಹುದು.

ಅಣ್ಣ: ಎಷ್ಟು ಜನ ಇದೀರಿ?

ತಮ್ಮ: ಇಬ್ಬರು. ಒಬ್ಬನಿಗೆ ಸೆಮಿಸ್ಟರ್ ಪರೀಕ್ಷೆ.

ಅಣ್ಣ: ಇಲ್ಲೀತನಕ ಏನೇನು ಆಗಿದೆ?

ತಮ್ಮ: ಲೋಗೋ. ಟ್ರೇಲರಿನ ಮ್ಯೂಸಿಕ್.

ಅಣ್ಣ: ಕುದುರೆ?

ತಮ್ಮ: ನಿಂತಿದೆ. ನಡೆಸಿದ್ರೆ ಮಂಡಿವರೆಗೆ ನೆಲದೊಳಗೆ ಹೋಗತ್ತೆ.

ಅಣ್ಣ: ‘ಡ್ಯೂಕ್ ನ್ಯೂಕೆಮ್ ಫಾರೆವರ್’ ಕೇಳಿದೀಯಾ? 1997ರಲ್ಲಿ ಡಂಗುರ ಸಾರಿದ್ರು. ನಡುವೆ ಎಂಜಿನ್ನೇ ಬದಲಿಸಿದ್ರು. ಆಟ ಬಂದಿದ್ದು 2011ಕ್ಕೆ.

ತಮ್ಮ: ‘ಸ್ಟಾರ್‌ಡ್ಯೂ ವ್ಯಾಲಿ’ ಒಬ್ಬನೇ ಮಾಡಿದ್ದಲ್ವಾ?

ಅಣ್ಣ: ಹೌದು, ಎರಿಕ್ ಬರೋನ್. ನಾಲ್ಕು ವರ್ಷಕ್ಕೂ ಮೇಲೆ ಕೂತು, 2016ರಲ್ಲಿ ಬಿಟ್ಟ. ಅದೂ ಒಂದು ಹೊಲ, ಒಂದು ಪುಟ್ಟ ಊರಿಗೆ! ನಿನ್ನ ಗಡುವು?

ತಮ್ಮ: ದೀಪಾವಳಿ.

(ಯಾವ ವರ್ಷದ್ದು ಅಂತ ಅಣ್ಣ ಕೇಳಲಿಲ್ಲ, ದೊಡ್ಡ ಮನಸ್ಸು.)

ಅಣ್ಣ: ಸಾಮ್ರಾಜ್ಯ ಬಿಡು. ಹಂಪಿ ಬಜಾರಲ್ಲಿ ಲಗೋರಿ ಆಡಿಸು. ಏಳು ಕಲ್ಲು, ಒಂದು ಚೆಂಡು. ಮೊದಲು ಕಲ್ಲು ಸರಿಯಾಗಿ ಬೀಳಲಿ. ಪಕ್ಕದ ಮನೆ ಮಕ್ಕಳ ಕೈಗೆ ಕೊಡು. ಇನ್ನೊಂದ್ಸಲ ಆಡ್ತೀವಿ ಅಂದ್ರೆ ಮುಂದಿನದು ಯೋಚಿಸು.

ತಮ್ಮ: ಸೂಪರ್ ಅಣ್ಣಾ! ಬರೀ ಲಗೋರಿ. ಏಳು ಕಲ್ಲಿಗೂ ಒಂದೊಂದು ಫ್ಲ್ಯಾಶ್‌ಬ್ಯಾಕ್ ಇಡ್ತೀನಿ. ಆನ್‌ಲೈನಲ್ಲಿ ಸಾವಿರ ಜನ ಒಟ್ಟಿಗೆ. ಆಮೇಲೆ ಚೆಂಡು ಹುಡುಕೋಕೆ... ಕುದುರೆ!