ವಿಮಾನ ಮಾಷ್ಟ್ರು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮಧ್ಯೆ ಯಾವ ಬಸ್ಸು ಹತ್ತಿದರೂ ಒಬ್ಬರು ವಿಮಾನ ಮಾಷ್ಟ್ರು ಸಿಕ್ಕೇ ಸಿಗುತ್ತಾರೆ. ನಿವೃತ್ತರು. ಕಂಕುಳಲ್ಲಿ ಬಟ್ಟೆಚೀಲ, ಚೀಲದ ತುಂಬ ವಿಮಾನದ ಪುಸ್ತಕಗಳು. ಹೆಂಡತಿ ಮಗನ ಮನೆಗೆಂದು ದುಬೈಗೆ ಹೋಗಿ ಬಂದವರು. ಮಾಷ್ಟ್ರು ಕೆಂಜಾರಿನ ವಿಮಾನ ನಿಲ್ದಾಣದ ಬಾಗಿಲವರೆಗೆ ಹೋಗಿ ಟಾಟಾ ಮಾಡಿ ಬಂದವರು. ಆದರೂ ಹಾರಾಟದ ಮಾತು ಬಂದರೆ ಹೆಂಡತಿ ಬಾಯಿ ತೆರೆಯುವ ಹಾಗಿಲ್ಲ. "ನೀನು ಕೂತು ಹೋದದ್ದಷ್ಟೆ. ಓದಿದ್ದು ಯಾರು?"

1951ರ ಡಿಸೆಂಬರ್ 25ರಂದು ನೆಹರೂ ಡಕೋಟಾದಲ್ಲಿ ಬಜ್ಪೆಗೆ ಬಂದಿಳಿದದ್ದನ್ನು ತಾವೇ ಏಣಿ ಹಿಡಿದವರಂತೆ ವರ್ಣಿಸುತ್ತಾರೆ. ಲೆಕ್ಕ ಹಾಕಿದರೆ ಆಗ ಅವರು ತೊಟ್ಟಿಲಲ್ಲಿ. 1932ರಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಟಪ್ಪಾಲು ಹಾರಿಸಿ ತಂದ ಕಥೆ ಶುರುವಾದರೆ, ಇಳಿಯುವ ಸ್ಟಾಪು ದಾಟಿದ್ದು ನಮಗೆ ತಿಳಿಯುವುದಿಲ್ಲ.

ಯಾರು ಎಲ್ಲಿಗೆ ಹೊರಟರೂ ಮಾಷ್ಟ್ರ ಚೀಟಿ ತಯಾರು. ಬೆಳ್ತಂಗಡಿಯ ಅಮ್ಮ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟರೆ ‘ಅಮೆರಿಕಾದಲ್ಲಿ ಗೊರೂರು’. "ಅಕಾಡೆಮಿ ಪ್ರಶಸ್ತಿ ಬಂದದ್ದು, 1980ರಲ್ಲಿ. ಊಟಕ್ಕೆ ಮೊದಲು ಹತ್ತು ಪುಟ, ಊಟವಾದ ಮೇಲೆ ಹತ್ತು ಪುಟ." ಬಿಸಿನೆಸ್ ಮಾಡುತ್ತೇನೆ ಎನ್ನುವ ಮೂಡುಬಿದಿರೆಯ ಹುಡುಗನಿಗೆ ಕ್ಯಾಪ್ಟನ್ ಗೋಪಿನಾಥರ ‘ಸಿಂಪ್ಲಿ ಫ್ಲೈ’.

"ಅವರೂ ಗೊರೂರಿನಲ್ಲಿ ಬೆಳೆದವರೇ. ರೇಷ್ಮೆ ಹುಳ ಸಾಕಿದವರು 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ ಒಂದು ರೂಪಾಯಿಗೆ ಟಿಕೆಟ್ ಕೊಟ್ಟರು!"

"ಈಗ ಎಷ್ಟು ಮಾಷ್ಟ್ರೇ?"

"ಈಗ ಕಿಂಗ್‌ಫಿಷರಿನವರಿಗೆ ಮಾರಿ ಆಗಿದೆ. ಅದು ಬೇರೆ ಕಥೆ."

ಪಟ್ಟಿಯಲ್ಲಿ ತೇಜಸ್ವಿಯವರ ‘ಕರ್ವಾಲೋ’ ಕೂಡ ಉಂಟು. "ಅದರಲ್ಲಿ ಹಾರುವುದು ಓತಿ ಅಲ್ವಾ?" ಎಂದರೆ, "ಹೌದು ಮಾರಾಯ್ರೇ, ರನ್‌ವೇ ಬೇಡ, ಪೆಟ್ರೋಲು ಬೇಡ. ಯಾವ ಕಂಪನಿಗೆ ಸಾಧ್ಯ?"

ಮೊನ್ನೆ ಕಲ್ಲಡ್ಕದ ಹೋಟೆಲಿನಲ್ಲಿ ಒಬ್ಬ ಹುಡುಗ ಕೇಳಿದ: "ನಾಡಿದ್ದು ದಮ್ಮಾಮಿಗೆ ಹೊರಟದ್ದು, ಮೊದಲ ಸಲ. ಎಂತೆಲ್ಲ ತಗೊಂಡು ಹೋಗ್ಬೇಕು?"

"ಆರ್ಥರ್ ಹೇಲಿಯ ‘ಏರ್‌ಪೋರ್ಟ್’. 1968ರದ್ದು. ಹಿಮ ಬಿದ್ದು ರನ್‌ವೇ ಮುಚ್ಚಿದರೆ ಎಂತ ಆಗ್ತದೆ ಅಂತ ಎಲ್ಲ ಉಂಟು."

"ದಮ್ಮಾಮಿನಲ್ಲಿ ಹಿಮವಾ?"

"ಓದಿಟ್ಟುಕೋ."

ಪಕ್ಕದ ಬೆಂಚಿನಲ್ಲಿ ಕೆ.ಟಿ. (ಕಲ್ಲಡ್ಕ ಟೀ) ಹೀರುತ್ತಿದ್ದ, ಗಲ್ಫಿನಲ್ಲಿ ದುಡಿದು ಬಂದ ಕಾಕ ತಲೆ ಎತ್ತಿದರು. "ಬ್ಯಾಗಲ್ಲಿ ಒಣಕೊಬ್ಬರಿ ಉಂಟಾ? ತೆಗೆ. ಎಣ್ಣೆ ಜಾಸ್ತಿ, ಬೆಂಕಿ ಹಿಡೀತದೆ ಅಂತ ಬಿಡುವುದಿಲ್ಲ. ಉಪ್ಪಿನಕಾಯಿ ಕೈಚೀಲಕ್ಕೆ ಹಾಕ್ಬೇಡ."

ಹುಡುಗ ಚಹಾ ಬಿಟ್ಟು ಮನೆಗೆ ಓಡಿದ. ಯಾವ ಪುಸ್ತಕದಲ್ಲೂ ಇಲ್ಲದ ಮಾತಾದ್ದರಿಂದ ಮಾಷ್ಟ್ರು ಮಾತ್ರ ಅದನ್ನು ನಂಬಲಿಲ್ಲ.

ಕೊನೆಗೆ ಮಗನೇ ಮಂಗಳೂರು-ಬೆಂಗಳೂರು ವಿಮಾನದ ಟಿಕೆಟ್ ಕಳಿಸಿದ. ಮಾಷ್ಟ್ರು ಅದನ್ನು ರದ್ದು ಮಾಡಿಸಿ ಶಿರಾಡಿ ಘಾಟಿಯ ಹಗಲು ಬಸ್ಸು ಹತ್ತಿದರು. ಕಾರಣ ಕೇಳಿದರೆ, "ವಿಮಾನದಲ್ಲಿ ಪಕ್ಕದವ ಒಂದೇ ಗಂಟೆಗೆ ಇಳಿದು ಹೋಗ್ತಾನಲ್ಲ ಮಾರಾಯ್ರೇ. ಅಷ್ಟರಲ್ಲಿ ಎಷ್ಟು ಪುಸ್ತಕ ಹೇಳಿ ಮುಗಿಸುವುದು?"