ಪರಿವೃತ್ತ-ಸ್ಥಾಣು-ಪ್ರೇಕ್ಷಕತ್ವ: ಒಂದು ಸಮಾಜೋ-ಮನೋವೈಜ್ಞಾನಿಕ ಪರಿಪ್ರೇಕ್ಷ್ಯ

ರಸ್ತೆಯಲ್ಲಿ ಒಬ್ಬ ಮನುಷ್ಯ ಬಿದ್ದಾಗ ಅವನ ಸುತ್ತ ಉಳಿದ ಮನುಷ್ಯರು ದುಂಡಗೆ ನಿಲ್ಲುವ, ನಿಂತು ನೋಡುವ, ನೋಡಿ ಮನೆಗೆ ಹೋಗುವ ಸಂಕೀರ್ಣ ವಿದ್ಯಮಾನವನ್ನು ಪ್ರಸ್ತುತ ಪ್ರಬಂಧವು ಬಹುಶಿಸ್ತೀಯ ನೆಲೆಯಲ್ಲಿ, ಅಂತರ್‌ಶಿಸ್ತೀಯ ಆಯಾಮದಲ್ಲಿ, ಯಾವ ಶಿಸ್ತೂ ಇಲ್ಲದೆ ಪರಾಮರ್ಶಿಸುತ್ತದೆ. ಲೌಕಿಕರು ಇದನ್ನು ‘ಜನ ಸೇರಿದ್ದಾರೆ’ ಎಂದು ಎರಡೇ ಪದದಲ್ಲಿ ಮುಗಿಸುತ್ತಾರೆ. ಎರಡು ಪದಕ್ಕೆ ಯಾರೂ ಪಿಎಚ್.ಡಿ. ಕೊಡುವುದಿಲ್ಲವಾದ್ದರಿಂದ ಇಲ್ಲಿ ಪರಿವೃತ್ತ-ಸ್ಥಾಣು-ಪ್ರೇಕ್ಷಕತ್ವ (ಮುಂದೆ ಪ.ಸ್ಥಾ.ಪ್ರೇ.) ಎಂಬ ಪರಿಕಲ್ಪನೆಯನ್ನು ಮಂಡಿಸಲಾಗಿದೆ. ಅಧ್ಯಯನದ ವ್ಯಾಪ್ತಿ: ತುಮಕೂರು ರಸ್ತೆ ಮತ್ತು ಮನುಕುಲ. ಅಧ್ಯಯನದ ಮಿತಿ: ಮಧ್ಯಾಹ್ನದ ಊಟ.

ಪೂರ್ವಸೂರಿಗಳನ್ನು ಸ್ಮರಿಸದಿದ್ದರೆ ಮಾರ್ಗದರ್ಶಕರು ಸಹಿ ಹಾಕುವುದಿಲ್ಲ. 1964ರಲ್ಲಿ ನ್ಯೂಯಾರ್ಕಿನಲ್ಲಿ ಕಿಟ್ಟಿ ಜಿನೊವೀಸ್ ಎಂಬ ಯುವತಿಯ ಕೊಲೆಯಾಯಿತು. 38 ಜನ ನೋಡುತ್ತ ಸುಮ್ಮನಿದ್ದರು ಎಂದು ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಆ ಲೆಕ್ಕ ಉಬ್ಬಿಸಿದ್ದೆಂದು ಆಮೇಲೆ ಹೊರಬಿತ್ತು, ಪತ್ರಿಕೆಯೂ ಒಪ್ಪಿಕೊಂಡಿತು. ನೆರೆಮನೆಯ ಹೆಂಗಸೊಬ್ಬಳು ಕೆಳಗಿಳಿದು ಬಂದು, ಸಾಯುತ್ತಿದ್ದವಳನ್ನು ತೋಳಲ್ಲಿ ಹಿಡಿದು ಕೂತಿದ್ದಳೆಂಬುದೂ ತಿಳಿಯಿತು. ನಮ್ಮ ವಿಚಾರಸಂಕಿರಣಗಳಲ್ಲಿ ಮಾತ್ರ ಆ 38 ಜನ ಇವತ್ತಿಗೂ ಕಿಟಕಿ ಬಿಟ್ಟು ಕದಲಿಲ್ಲ. ಕೆಳಗಿಳಿದು ಬಂದವಳಿಗೆ ಯಾವ ಪ್ರಬಂಧದಲ್ಲೂ ಜಾಗವಿಲ್ಲ. ಆಕೆ ಇದ್ದರೆ ಸಿದ್ಧಾಂತದ ಅಂದ ಕೆಡುತ್ತದೆ.

ಆ ಸುದ್ದಿಯ ಎಳೆ ಹಿಡಿದು ಹೊರಟವರು ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ. ಬೇರೊಂದು ಕೋಣೆಯಲ್ಲಿ ಯಾರಿಗೋ ಮೂರ್ಛೆ ಬಂದಂತೆ ಧ್ವನಿ ಕೇಳಿಸಿ, ಯಾರು ಏಳುತ್ತಾರೆ ನೋಡೋಣವೆಂದು ಕಾದು ಕೂತರು. ಕೇಳಿಸಿಕೊಳ್ಳುತ್ತಿರುವುದು ನಾನೊಬ್ಬನೇ ಅಂದುಕೊಂಡವರಲ್ಲಿ ನೂರಕ್ಕೆ 85 ಮಂದಿ ನರಳಾಟ ಮುಗಿಯುವ ಮೊದಲೇ ನೆರವು ಕರೆಯಲು ಎದ್ದರು. ಇನ್ನೂ ನಾಲ್ಕು ಜನ ಕೇಳಿಸಿಕೊಳ್ಳುತ್ತಿದ್ದಾರೆ ಅಂದುಕೊಂಡವರಲ್ಲಿ ಎದ್ದವರು ಬರೀ 31. ಇದು 1968ರಲ್ಲಿ ಪ್ರಕಟವಾದ ಫಲಿತಾಂಶ. ನಮ್ಮಲ್ಲಿ ತೊಟ್ಟಿಲಿನಿಂದ ಚಟ್ಟದವರೆಗೆ ಕಾಡುವ ಆ ‘ನಾಲ್ಕು ಜನ’ ಅಮೆರಿಕದಲ್ಲೂ ಇದ್ದಾರೆಂಬುದನ್ನು ತೌಲನಿಕ ಅಧ್ಯಯನಕಾರರು ಗಮನಿಸಬೇಕು.

ಇದೇ ಡಾರ್ಲಿ, ಡೇನಿಯಲ್ ಬ್ಯಾಟ್ಸನ್ ಜೊತೆ ಸೇರಿ 1973ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗವಿದೆ. ಪ್ರಿನ್ಸ್‌ಟನ್ನಿನ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ಪಕ್ಕದ ಕಟ್ಟಡಕ್ಕೆ ಭಾಷಣ ಮಾಡಲು ಕಳಿಸಿದರು. ಅವರಲ್ಲಿ ಕೆಲವರ ವಿಷಯ, ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ ಸಮಾರ್ಯದವನ ಕಥೆ. ದಾರಿಯಲ್ಲಿ ನಿಜವಾಗಿಯೇ ಒಬ್ಬನನ್ನು ಕೆಮ್ಮುತ್ತ ನರಳುವಂತೆ ಕೂರಿಸಿದ್ದರು. ‘ಹೊತ್ತಾಯಿತು, ಬೇಗ ಹೋಗಿ’ ಅನ್ನಿಸಿಕೊಂಡವರಲ್ಲಿ ನೂರಕ್ಕೆ 10 ಮಂದಿಯಷ್ಟೇ ನೆರವಾದರು. ಭಾಷಣಕ್ಕೆ ತಡವಾಗುತ್ತದೆಂದು ಅವನನ್ನು ದಾಟಿಕೊಂಡೇ ಹೋದವರೂ ಇದ್ದರು.

ಸಾಮಾಜಿಕ ಸಂವೇದನೆಯ ಕುರಿತ ಗೋಷ್ಠಿಗಳಲ್ಲಿ ಕೂತು ಬಂದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಹತ್ತಕ್ಕೆ ಹಚ್ಚಬೇಕಾದ ದೀಪ ಹನ್ನೆರಡಕ್ಕೆ ಹೊತ್ತಿಕೊಳ್ಳುತ್ತದೆ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಮುಗಿದು ‘ಅನುಕಂಪದ ಸಂಕಥನ’ ಶುರುವಾಗುವಷ್ಟರಲ್ಲಿ ಅಧ್ಯಕ್ಷರಿಂದ ‘ಎರಡು ನಿಮಿಷದಲ್ಲಿ ಮುಗಿಸಿ’ ಎಂಬ ಚೀಟಿ. ಪ್ರಮಾಣಪತ್ರ ಊಟದ ಕೂಪನ್ನಿನ ಜೊತೆಗೇ ಸಿಗುತ್ತದೆ.

ಇನ್ನು ವರ್ಗೀಕರಣ. ವರ್ಗೀಕರಣವಿಲ್ಲದ ಪ್ರಬಂಧ ಪ್ರಬಂಧವಲ್ಲ.

ಮೊದಲನೆಯ ವರ್ಗ, ಗ್ರೀವಾಪ್ರಸಾರಕರು. ವೃತ್ತದ ಹೊರಸುತ್ತಿನಲ್ಲಿ ತುದಿಗಾಲ ಮೇಲೆ ನಿಲ್ಲುವ ಇವರು ತಮಗಿಂತ ಆಮೇಲೆ ಬಂದವರನ್ನು ‘ಏನಾಯ್ತಂತೆ?’ ಎಂದು ಕೇಳುತ್ತಾರೆ. ಆಮೇಲೆ ಬಂದವರು ‘ಲಾರಿಯಂತೆ’ ಎನ್ನುತ್ತಾರೆ. ಅಲ್ಲಿಗೆ ಅದು ಲಾರಿಯೇ.

ಎರಡನೆಯದು ಕರ್ತವ್ಯಪ್ರಶ್ನಾವಾಚಕರು. ಇದು ಅತ್ಯಂತ ಸಮೃದ್ಧ ವರ್ಗ. ಇವರ ಏಕೈಕ ವಾಕ್ಯ: ‘ಆಂಬುಲೆನ್ಸಿಗೆ ಫೋನ್ ಮಾಡಿದ್ರಾ?’ ಕೇಳುವವನ ಕೈಯಲ್ಲಿ ಫೋನ್ ಇರುತ್ತದೆ. ಕೇಳಿಸಿಕೊಂಡವನ ಕೈಯಲ್ಲೂ ಇರುತ್ತದೆ. ಅವನು ಪಕ್ಕದವನತ್ತ ತಿರುಗಿ ‘ಮಾಡಿರ್ತಾರೆ ಬಿಡಿ’ ಎನ್ನುತ್ತಾನೆ. ಈ ‘ಮಾಡಿರ್ತಾರೆ’ಯಲ್ಲಿ ಅಡಗಿರುವ ಕರ್ತೃ ಯಾರೆಂದು ಯಾರೂ ಕೇಳುವುದಿಲ್ಲ. ಪ್ರಶ್ನೆ ಇಡೀ ಸುತ್ತು ಹಾಕಿ ಮೊದಲು ಕೇಳಿದವನ ಬಳಿಗೇ ಬರುತ್ತದೆ. ಆತ ‘ಮಾಡಿದ್ದಾರಂತೆ’ ಎಂದು ಧೈರ್ಯ ಹೇಳುತ್ತಾನೆ. ಒತ್ತಬೇಕಾದ ಅಂಕಿ ಮೂರೇ ಮೂರು: 108. ಜವಾಬ್ದಾರಿ ಹೀಗೆ ಹಂಚಿಹೋಗುವುದನ್ನು ಮನೋವಿಜ್ಞಾನಿಗಳು ಅಚ್ಚುಕಟ್ಟಾಗಿ ಸೂತ್ರೀಕರಿಸಿದ್ದಾರೆ. ಹಂಚಿದ ಮೇಲೆ ಒಬ್ಬೊಬ್ಬನ ಪಾಲಿಗೆ ಬಂದದ್ದು ಎಷ್ಟೆಂದು ಬಿದ್ದವನಿಗೆ ಯಾರೂ ಲೆಕ್ಕ ಕೊಟ್ಟಿಲ್ಲ.

ಮೂರನೆಯವರು ಸ್ಥಳೀಯ ನ್ಯಾಯಾಧೀಶರು. ‘ಹೆಲ್ಮೆಟ್ ಹಾಕಿರಲಿಲ್ಲ ನೋಡಿ’, ‘ಕುಡಿದಿರಬೇಕು’, ‘ಈಗಿನ ಹುಡುಗರಿಗೆ ಹೇಳೋರು ಕೇಳೋರು ಇಲ್ಲ’. ಮಹಜರಿಗೆ ಮೊದಲೇ ತೀರ್ಪು. ನಾಲ್ಕನೆಯವರು ವಿಧಿನಿಷೇಧಕರು: ‘ಮುಟ್ಟಬೇಡಿ, ಪೊಲೀಸ್ ಕೇಸು.’

ಐದನೆಯವರು ಚಿತ್ರಗ್ರಾಹಕರು. ‘ಸ್ವಲ್ಪ ಸರೀರಿ’ ಎಂದು ಇವರು ಕೇಳುವುದು ಗಾಯಾಳುವಿಗೆ ಗಾಳಿ ಬರಲಿ ಅಂತಲ್ಲ, ಫ್ರೇಮಿಗೆ ಬರಲಿ ಅಂತ. ಇವರಲ್ಲಿ ಲಂಬಚಿತ್ರಕರು, ಅಡ್ಡಚಿತ್ರಕರು ಎಂಬ ಉಪಭೇದಗಳನ್ನು...

ಬೇಡ ಬಿಡಿ. 2017ರ ಫೆಬ್ರವರಿಯಲ್ಲಿ ಕೊಪ್ಪಳದಲ್ಲಿ ಸೈಕಲ್ ಮೇಲೆ ಹೊರಟಿದ್ದ 18 ವರ್ಷದ ಹುಡುಗನಿಗೆ ಸರ್ಕಾರಿ ಬಸ್ಸು ಬಡಿಯಿತು. ರಕ್ತದ ಮಡುವಿನಲ್ಲಿ ಬಿದ್ದು ಅವನು ಸಹಾಯಕ್ಕೆ ಅಂಗಲಾಚುತ್ತಿದ್ದ. ಜನ ವಿಡಿಯೊ ಮಾಡಿದರು, ಫೋಟೊ ತೆಗೆದರು. ಆಸ್ಪತ್ರೆ ಸೇರುವಷ್ಟರಲ್ಲಿ ತಡವಾಗಿತ್ತು, ಹುಡುಗ ಉಳಿಯಲಿಲ್ಲ. ಇದಕ್ಕೆ ಯಾವ ಪರಿಪ್ರೇಕ್ಷ್ಯ ಬೇಕು? ‘ಪ್ರೇಕ್ಷಕ ಪರಿಣಾಮ’ ಎಂದು ಹೆಸರಿಟ್ಟ ಮೇಲೆ ಅದು ಮಳೆ ಬಿಸಿಲಿನ ಹಾಗೆ ತಾನಾಗಿ ಆಗುವ ಸಂಗತಿಯಾಗಿಬಿಡುತ್ತದೆ. ಅಲ್ಲಿ ನಿಂತವರು ಯಾರೂ ತಪ್ಪು ಮಾಡಲಿಲ್ಲ, ಪರಿಣಾಮಕ್ಕೆ ಒಳಗಾದರು ಅಷ್ಟೆ! ಆ ಪ್ರಯೋಗಗಳನ್ನು ಮಾಡಿದವರು ಇಂಥ ಬಿಡುಗಡೆ ಪತ್ರ ಬರೆದುಕೊಟ್ಟಿರಲಿಲ್ಲ. ಅದನ್ನು ಬರೆದುಕೊಂಡವರು ನಾವು.

ಹಾಗಂತ ನಿಂತವರೆಲ್ಲ ಕಲ್ಲುಹೃದಯದವರು ಅನ್ನುವುದೂ ಸುಳ್ಳು. ಎತ್ತಿಕೊಂಡು ಹೋದವನನ್ನೇ ಠಾಣೆಯ ಬೆಂಚಿನ ಮೇಲೆ ಕೂರಿಸಿ, ಕೋರ್ಟಿಗೆ ಅಲೆಸಿ, ಆಸ್ಪತ್ರೆಯಲ್ಲಿ ಅಡ್ವಾನ್ಸ್ ಕಟ್ಟಿಸಿಕೊಂಡ ಕಥೆಗಳು ಊರೂರಲ್ಲಿ ಇದ್ದವು. ನಾಲ್ಕನೆಯ ವರ್ಗದವರು ಹೇಳುತ್ತಿದ್ದುದು ಅನುಭವದ ಮಾತು. ಆದರೆ ಸಹಾಯ ಮಾಡಿದವನಿಗೆ ರಕ್ಷಣೆ ಕೊಡುವ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ ಕಾನೂನಿನ ಬಲ ಕೊಟ್ಟದ್ದು 2016ರ ಮಾರ್ಚಿನಲ್ಲಿ. ಕೊಪ್ಪಳದ ಅಪಘಾತಕ್ಕೆ ಸುಮಾರು ಹತ್ತು ತಿಂಗಳು ಮೊದಲು. ರಾಜ್ಯದ ಹರೀಶ್ ಸಾಂತ್ವನ ಯೋಜನೆ ಬಂದದ್ದೂ 2016ರಲ್ಲೇ: ಅಪಘಾತವಾದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ 134ಎ ಕಲಂ ಸೇರಿತು. ಒಳ್ಳೆಯ ಮನಸ್ಸಿನಿಂದ ನೆರವಾದವನ ಮೇಲೆ ಕೇಸಿಲ್ಲ, ಹೆಸರು ಹೇಳಲೇಬೇಕೆಂಬ ಬಲವಂತವಿಲ್ಲ. ಆಸ್ಪತ್ರೆಯವರು ಇದನ್ನು ಬಾಗಿಲಲ್ಲೋ ಎದ್ದು ಕಾಣುವ ಬೇರೆ ಜಾಗದಲ್ಲೋ ಸ್ಥಳೀಯ ಭಾಷೆಯಲ್ಲೂ ಬರೆದು ಹಾಕಬೇಕೆಂದು 2020ರ ನಿಯಮ. ನಮ್ಮ ಬಡಾವಣೆಯ ಆಸ್ಪತ್ರೆಯ ಬಾಗಿಲಲ್ಲಿ ಇರುವುದು ಇಡೀ ದೇಹದ ತಪಾಸಣೆಗೆ ರಿಯಾಯಿತಿಯ ಫಲಕ.

ಆರನೆಯ ವರ್ಗವೊಂದಿದೆ, ಅದರ ಬಗ್ಗೆ ದತ್ತಾಂಶವಿಲ್ಲ. ಸಂಶೋಧಕ ಪ್ರಶ್ನಾವಳಿ ತೆಗೆಯುವ ಮೊದಲೇ ಇವರು ಯಾರದೋ ಟವೆಲ್ ಕಸಿದು ಗಾಯಕ್ಕೆ ಬಿಗಿದು, ಆಟೊ ಅಡ್ಡಹಾಕಿ, ಹಿಂದಿನ ಸೀಟಿನಲ್ಲಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಟುಬಿಟ್ಟಿರುತ್ತಾರೆ. ಆಸ್ಪತ್ರೆಯ ಕೌಂಟರಿನಲ್ಲಿ ಫಾರಂ ಮುಂದಿಟ್ಟುಕೊಂಡವರು ಕೇಳುತ್ತಾರೆ: ‘ಪೇಷಂಟಿಗೆ ನೀವೇನಾಗಬೇಕು?’

‘ಏನೂ ಆಗಬೇಕಿಲ್ಲ ಮೇಡಂ, ಮೊದಲು ಒಳಗೆ ತಗೊಳ್ಳಿ.’