ಮುತ್ಯಾ ಸಿಗವಲ್ಲ

ಜೇವರ್ಗಿ ತಾಲ್ಲೂಕಿನ ನೆಲೋಗಿಗೆ ಕಾರಿನಲ್ಲಿ ಬಂದಿಳಿದು, ಕಟ್ಟೆ ಮೇಲೆ ಕೂತವರ ಮುಂದೆ ನಿಂತು, "ನಮ್ಮ ಮುತ್ಯಾನ ಮುತ್ಯಾನ ಹೆಸರು ನಿಮಗ ಗೊತ್ತದ ಏನ್ರಿ?" ಎಂದು ಕೇಳುವವರನ್ನು ಗುರುತಿಸಲು ಜಾಣತನ ಬೇಕಿಲ್ಲ. ವಯಸ್ಸು ಅರವತ್ತು ದಾಟಿರುತ್ತದೆ, ಪಿಂಚಣಿ ಸರಿಯಾಗಿ ಬರುತ್ತಿರುತ್ತದೆ. ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಇದ್ದು, ಹೇಳಿದ ಮಾತು ಕೇಳುವ ಕಾಲ ಮುಗಿದಿರುತ್ತದೆ. ಹಾಗಾಗಿ ಮುಂದಿನ ಪೀಳಿಗೆಯನ್ನು ಕೈಬಿಟ್ಟು ಹಿಂದಿನವರ ಬೆನ್ನು ಹತ್ತಿದ್ದಾರೆ. ಬಗಲಲ್ಲಿ ಗುಂಡಿ ಒತ್ತುವ ಪ್ಲಾಸ್ಟಿಕ್ ಫೈಲು. ಅದರೊಳಗೆ ನಾಲ್ಕು ಹಾಳೆ ಅಂಟಿಸಿ ಮಾಡಿದ ವಂಶವೃಕ್ಷ: ಕೆಳಗಿನ ಕೊಂಬೆಗಳಿಗೆ ಮೊಮ್ಮಕ್ಕಳ ಪಾಸ್‌ಪೋರ್ಟ್ ಅಳತೆಯ ಫೋಟೊ, ಮೇಲ್ತುದಿಯಲ್ಲಿ ಒಂದು ಖಾಲಿ ಚೌಕ, ಚೌಕದೊಳಗೆ ಕೆಂಪು ಶಾಯಿಯ ಪ್ರಶ್ನಾರ್ಥಕ ಚಿಹ್ನೆ. ಅಲ್ಲಿ ಕೂರಬೇಕಾದ ಮುತ್ಯಾ ಕುದುರೆ ಏರಿದವನು, ಐದುನೂರು ಎಕರೆಯ ಧಣಿ, ನಿಜಾಮನ ದರ್ಬಾರಿನಲ್ಲಿ ಕುರ್ಚಿ ಇದ್ದವನು ಎಂಬುದು ಆಗಲೇ ತೀರ್ಮಾನವಾಗಿದೆ. ಹೆಸರೊಂದು ಗೊತ್ತಾಗಬೇಕು, ಅಷ್ಟೆ. ದಾಖಲೆ ಸರಿಯಾಗಿ ಇಡಲಿಲ್ಲ, ಅದಕ್ಕೇ ಮುತ್ಯಾ ಸಿಗುತ್ತಿಲ್ಲ ಎಂಬುದು ಈ ಮಹಾಶಯರ ದೂರು. ನನಗೆ ಹಾಗನ್ನಿಸುವುದಿಲ್ಲ. ಮುತ್ಯಾ ಸಿಗಬಾರದೆಂದೇ ಬದುಕಿದ್ದ. ಅದು ಅವನ ಜೀವಮಾನದ ಗಳಿಕೆ; ಮರಿಮಗ ಅದನ್ನು ಹಾಳುಮಾಡಲು ಅರ್ಜಿ ಹಿಡಿದು ಹೊರಟಿದ್ದಾನೆ.

ನಿಜಾಮನ ಆಳ್ವಿಕೆಯ ಊರಲ್ಲಿ ಒಬ್ಬ ರೈತನ ಹೆಸರು ಕಾಗದಕ್ಕೆ ಬೀಳುತ್ತಿದ್ದುದಾದರೂ ಯಾವಾಗ? ಕಂದಾಯ ಕೊಡಬೇಕಾದಾಗ, ಕೊಡದೆ ಬಾಕಿ ಉಳಿದಾಗ, ಸಾಹುಕಾರನಿಗೆ ಸಾಲಪತ್ರ ಬರೆದುಕೊಟ್ಟಾಗ, ಕೋರ್ಟು ಕಚೇರಿ ಹತ್ತಿದಾಗ, ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಸರ್ಕಾರಕ್ಕೆ ಲೇವಿ ಜೋಳ ಅಳೆಯಬೇಕಾದಾಗ. ಇವುಗಳಲ್ಲಿ ಒಂದಾದರೂ ಶುಭಕಾರ್ಯವಿದೆಯೇ? 1853ರಲ್ಲಿ ದಿವಾನರಾದ ಸಾಲಾರ್ ಜಂಗ್ ಕಂದಾಯವನ್ನು ಗುತ್ತಿಗೆದಾರರಿಂದ ಬಿಡಿಸಿ ಜಿಲ್ಲೆ, ತಾಲ್ಲೂಕುಗಳ ವ್ಯವಸ್ಥೆ ಕಟ್ಟಿದ ಮೇಲೆ ಬರಹ ಹೆಚ್ಚಿತು. ಅದರ ಜೊತೆಗೆ ಬರಹದಿಂದ ತಪ್ಪಿಸಿಕೊಳ್ಳುವ ಉಪಾಯವೂ ಹೆಚ್ಚಿತು. ಊರಲ್ಲಿ ಮಾಲಿಪಾಟೀಲ ಕಂದಾಯ ಎತ್ತುತ್ತಿದ್ದ, ಪೊಲೀಸ್ ಪಾಟೀಲ ಜನರ ಮೇಲೆ ಕಣ್ಣಿಡುತ್ತಿದ್ದ, ಕುಲಕರ್ಣಿ ಲೆಕ್ಕ ಬರೆಯುತ್ತಿದ್ದ. ಮೂವರಲ್ಲಿ ಯಾರ ಕಣ್ಣಿಗೆ ಬಿದ್ದರೂ ಖರ್ಚು. ಅದಕ್ಕೇ ನಾಲ್ವರು ಅಣ್ಣತಮ್ಮಂದಿರ ಹೊಲ ಹಿರಿಯನೊಬ್ಬನ ಹೆಸರಿನಲ್ಲಿ ಇರುತ್ತಿತ್ತು. ಉಳಿದ ಮೂವರು ಜೀವನವಿಡೀ ಉತ್ತು ಬಿತ್ತಿ, ಕಾಗದದ ಪ್ರಕಾರ ಹುಟ್ಟದೇ ಸತ್ತರು. ತೀರಾ ಬಿಗಿಯಾದರೆ ದಾರಿ ಇದ್ದೇ ಇತ್ತು. ಜೇವರ್ಗಿ ಸೀಮೆಯಿಂದ ಪಶ್ಚಿಮಕ್ಕೆ ನಡೆದರೆ ಸಿಂದಗಿ, ಅದು ಇಂಗ್ಲಿಷರ ಮುಂಬಯಿ ಪ್ರಾಂತ್ಯ. ಇಲ್ಲಿ ಬಾಕಿದಾರನಾದವನು ಅಲ್ಲಿ ಹೊಸಬ. ಅಲ್ಲಿಯ ಜನ ಅವನನ್ನು ನೆಲೋಗಿಯವನೆಂದು ಕರೆದರೆ ಎರಡು ತಲೆಮಾರಿನಲ್ಲಿ ಅದೇ ಅಡ್ಡಹೆಸರು. ಆ ಅಡ್ಡಹೆಸರು ಹೊತ್ತು ಬಂದು ನೆಲೋಗಿಯಲ್ಲಿ ನೆಲೋಗಿ ಮನೆತನವನ್ನು ಹುಡುಕುವವರಿಗೆ ಊರಲ್ಲಿ ಆ ಹೆಸರಿನವರು ಒಬ್ಬರೂ ಇಲ್ಲವೆಂದು ಸಿಟ್ಟು. ಊರು ಬಿಟ್ಟವನಿಗಲ್ಲದೆ ಊರಿನ ಹೆಸರು ಅಂಟುವುದು ಹೇಗೆ?

ರೆಕಾರ್ಡ್ ರೂಮಿನಲ್ಲಿ ನಡೆಯುವ ಸಂವಾದ ಎಲ್ಲ ತಾಲ್ಲೂಕಿನಲ್ಲೂ ಒಂದೇ. "ಸರ್ವೆ ನಂಬರ್ ಹೇಳ್ರಿ ಸರ್." "ನಂಬರ್ ಗೊತ್ತಿದ್ರ ನಾ ಯಾಕ ಬರ್ತಿದ್ದೆ? ಹೆಸರು ಹೇಳ್ತೀನಿ, ಹುಡುಕ್ರಿ." ಕಂದಾಯ ಇಲಾಖೆಗೆ ಹೊಲ ಗೊತ್ತು, ಮನುಷ್ಯ ಗೊತ್ತಿಲ್ಲ, ಹೊಲದ ಬಾಲಕ್ಕೆ ಕಟ್ಟಿದರೆ ಮಾತ್ರ ಮನುಷ್ಯ ಅಲ್ಲಿ ಕಾಣಿಸುತ್ತಾನೆ. ಅಂತೂ 1954-55ರ ಖಾಸ್ರಾ ಪಹಣಿ ಕೈಗೆ ಬಂದಿತೆನ್ನಿ. ಅದರಲ್ಲಿ ಕಲ್ಲಪ್ಪ ವಲದ್ ಮಲ್ಲಪ್ಪ, ಅಂದರೆ ಮಲ್ಲಪ್ಪನ ಮಗ ಕಲ್ಲಪ್ಪ, ಎಂದಿರುತ್ತದೆ. ಅದಕ್ಕೂ ಹಿಂದಿನ ಸೇತ್ವಾರಿನಲ್ಲಿ ಮಲ್ಲಪ್ಪ ವಲದ್ ಕಲ್ಲಪ್ಪ. ಅದರ ಹಿಂದೆ ಮತ್ತೆ ಕಲ್ಲಪ್ಪ. ಮುತ್ಯಾನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿಯಲ್ಲಿ ಎರಡೇ ಹೆಸರಿನಲ್ಲಿ ನೂರೈವತ್ತು ವರ್ಷ ಕಳೆದುಬಿಡಬಹುದು; ಬಾಕಿ ವಸೂಲಿಗೆ ಬಂದವನಿಗೆ "ಆ ಕಲ್ಲಪ್ಪ ಸತ್ತು ಹೋದ್ನಲ್ರಿ, ಇಂವ ಬ್ಯಾರೆ" ಎನ್ನುವ ಸೌಕರ್ಯವೂ ಉಂಟು. 1884ರಿಂದ ಆಡಳಿತ ಭಾಷೆಯಾಗಿ ಬಂದ ಉರ್ದುವಿನ ಅವಸರದ ಬರವಣಿಗೆಯಲ್ಲಿ ಹ್ರಸ್ವ ಸ್ವರಗಳೂ ಒತ್ತಕ್ಷರಗಳೂ ಹೆಚ್ಚಾಗಿ ಓದುವವನ ಧರ್ಮಕ್ಕೆ ಬಿಟ್ಟದ್ದು. ಇನ್ನು ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ಫಸಲಿ ವರ್ಷ. ದಾಖಲೆಯ ತಲೆಯ ಮೇಲೆ 1337 ಎಂದು ಕಂಡೊಡನೆ ಮಹಾಶಯರ ಕಣ್ಣು ತುಂಬಿ ಬರುತ್ತದೆ: ವಿಜಯನಗರ ಹುಟ್ಟಿದ ಮರುವರ್ಷ! ಹರಿಹರ, ಬುಕ್ಕರ ಪಕ್ಕದಲ್ಲಿ ತಮ್ಮ ಮುತ್ಯಾ! ಫಸಲಿಗೆ 590 ಕೂಡಬೇಕೆಂದು ಯಾರಾದರೂ ಹೇಳಿದರೆ ಅದು 1927 ಆಗಿ, ವಿಜಯನಗರದ ಸರದಾರ ತಮ್ಮದೇ ಅಪ್ಪನ ಅಪ್ಪನಾಗಿ, ಹನ್ನೆರಡು ಆಣೆ ಬಾಕಿ ಉಳಿಸಿಕೊಂಡವನಾಗಿ ನಿಲ್ಲುತ್ತಾನೆ. ಇಂಥ ಹೊತ್ತಿನಲ್ಲಿ ಅವರು ದಾಖಲೆಯನ್ನು ಅನುಮಾನಿಸುತ್ತಾರೆಯೇ ಹೊರತು ಕುದುರೆಯನ್ನಲ್ಲ.

ಜನಗಣತಿ ಇದೆಯಲ್ಲ, ಅದರಿಂದ ಯಾರು ತಪ್ಪಿಸಿಕೊಂಡಾರು ಎಂದು ಕೇಳಬಹುದು. ಹೈದರಾಬಾದ್ ಸಂಸ್ಥಾನದಲ್ಲಿ ಮೊದಲ ಜನಗಣತಿ 1881ರಲ್ಲಿ ನಡೆಯಿತು, ಆಮೇಲೆ ಹತ್ತು ವರ್ಷಕ್ಕೊಮ್ಮೆ ತಪ್ಪದೆ. ಅದರ ವರದಿಗಳಲ್ಲಿ ಏನುಂಟು ಏನಿಲ್ಲ! ಸಂಸ್ಥಾನದ ಜನಸಂಖ್ಯೆ 1911ರಲ್ಲಿ ಸುಮಾರು 1 ಕೋಟಿ 33 ಲಕ್ಷ ಇದ್ದದ್ದು, ಇನ್‌ಫ್ಲುಯೆಂಜಾ ಮತ್ತು ಬರದ ಹೊಡೆತ ತಿಂದು 1921ರಲ್ಲಿ ಸುಮಾರು 1 ಕೋಟಿ 24 ಲಕ್ಷಕ್ಕೆ ಇಳಿದದ್ದು ಕೂಡ ಸಿಗುತ್ತದೆ. ಆ ಕಡಿಮೆಯಾದ ಲಕ್ಷಗಳಲ್ಲಿ ಯಾರ ಮುತ್ಯಾ ಇದ್ದ ಎಂಬುದು ಮಾತ್ರ ಇಲ್ಲ. ಮೊತ್ತ ಉಳಿಯಿತು, ಮನುಷ್ಯರ ಚೀಟಿಗಳು ಹೋದವು. ಬ್ರಿಟನ್ನಿನಲ್ಲಿ 1921ರ ಗಣತಿಯ ಮನೆಮನೆ ಹಾಳೆಗಳನ್ನು ನೂರು ವರ್ಷದ ಬಳಿಕ, 2022ರಲ್ಲಿ, ಸಾರ್ವಜನಿಕರಿಗೆ ತೆರೆದರು. ಅಮೆರಿಕದಲ್ಲಿ 72 ವರ್ಷಕ್ಕೆ ತೆರೆಯುತ್ತಾರೆ. ಲಂಡನ್ನಿನಲ್ಲಿರುವ ಅಳಿಯ ಇದನ್ನು ಫೋನಿನಲ್ಲಿ ಹೇಳಿದ ದಿನದಿಂದಲೇ ಎಷ್ಟೋ ಮಾವಂದಿರು ಕೆಟ್ಟದ್ದು. ನಮ್ಮ 1948ರ ಜನಗಣತಿ ಕಾಯ್ದೆಯ 15ನೇ ಕಲಮು ಗಣತಿಯ ದಾಖಲೆಗಳನ್ನು ಯಾರಿಗೂ ತೋರಿಸಬೇಕಿಲ್ಲ ಎನ್ನುತ್ತದೆ, ನೂರು ವರ್ಷವಾದರೂ ಅಷ್ಟೆ. ಮೇಲಾಗಿ ಆಗಿನ ಗಣತಿಯಲ್ಲಿ ಹೇಳಿದ ವಯಸ್ಸುಗಳು ಐದರಲ್ಲೋ ಸೊನ್ನೆಯಲ್ಲೋ ಮುಗಿಯುತ್ತಿದ್ದುದು ವರದಿಕಾರರ ತಲೆನೋವಾಗಿತ್ತು. ನಗಬೇಡಿ, ಮುತ್ಯಾ ಹುಟ್ಟಿದ ತಿಥಿ ಹುಡುಕುವ ಮಹಾಶಯರ ಸ್ವಂತ ಜನ್ಮದಿನ, ಶಾಲೆಗೆ ಸೇರಿಸಿಕೊಂಡ ಮಾಸ್ತರರ ಕೃಪೆಯಿಂದ, ಜೂನ್ 1.

ಗಟ್ಟಿಯಾದ ಆಕ್ಷೇಪ ಬರುವುದು ಹೆಳವರ ಕಡೆಯಿಂದ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ, ಈಗೀಗ ಬೈಕಿನ ಮೇಲೆ, ಮನೆ ಬಾಗಿಲಿಗೆ ಬಂದು ಬೆಡಗು, ಮೂಲಸ್ಥಳ, ಯಾರು ಯಾರ ಮಗ, ಯಾವ ಊರಿಂದ ಎದ್ದು ಯಾವ ಊರಿಗೆ ಬಂದರು ಎಂದು ಒಂದೇ ಉಸಿರಿನಲ್ಲಿ ಹೇಳುವ ಈ ಜನರ ಹೊತ್ತಿಗೆಯಲ್ಲಿ ಸರ್ಕಾರ ಕಾಣದ ಮುತ್ಯಾಗಳು ಸಾಲಾಗಿ ಕೂತಿದ್ದಾರೆ. ಹಾಗಿದ್ದರೆ ಮುತ್ಯಾ ಅಡಗಿದ್ದ ಎನ್ನುವುದು ಹೇಗೆ? ನನ್ನ ವಾದಕ್ಕೆ ಇದರಿಂದ ಬಲವೇ ಬರುತ್ತದೆ. ಹೆಳವನಿಗೆ ಹೇಳಿದರೆ ಕಂದಾಯ ಏರುತ್ತಿರಲಿಲ್ಲ. ಒಂದು ಚೀಲ ಜೋಳ, ಒಂದು ಪಂಚೆ, ಮನಸ್ಸು ಬಂದರೆ ಒಂದು ಕರು ಕೊಟ್ಟರಾಯಿತು. ಒಬ್ಬನೇ ಮನುಷ್ಯ ಒಂದು ಬಾಗಿಲಲ್ಲಿ ಸುಮ್ಮನಿದ್ದು ಇನ್ನೊಂದು ಬಾಗಿಲಲ್ಲಿ ಬಾಯಿಬಿಟ್ಟನೆಂದರೆ, ಅವನಿಗೆ ನೆನಪಿನ ಕೊರತೆ ಇರಲಿಲ್ಲ, ವಿವೇಕ ಇತ್ತು. ಹಾಗೆಂದು ಹೆಳವರ ಮಾತು ಪೂರ್ತಿ ನಿರಾಡಂಬರವೆಂದು ನಾನು ಹೇಳುವುದಿಲ್ಲ. ಕರು ಕೊಟ್ಟ ಮನೆಯ ಮುತ್ಯಾ ಜೋಳ ಕೊಟ್ಟ ಮನೆಯ ಮುತ್ಯಾನಿಗಿಂತ ತುಸು ಎತ್ತರ ಇರುವುದು ಸಹಜ. ಆದರೂ ಆ ಹೊತ್ತಿಗೆಯಲ್ಲಿ ಕುದುರೆ ಇಲ್ಲ, ಬರಕ್ಕೆ ಹೆದರಿ ಹೊಳೆ ದಾಟಿ ಬಂದವನು ಎಂದಿದೆ ಎಂದು ಕೇಳಿದ ಕೂಡಲೇ ಮಹಾಶಯರು, "ಇವನ ಪುಸ್ತಕ ಬ್ಯಾರೆಯವರದು" ಎಂದು ಎದ್ದುಬಿಡುತ್ತಾರೆ. ಭೈರಪ್ಪನವರ 'ವಂಶವೃಕ್ಷ'ದ ಶ್ರೀನಿವಾಸ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ಬಗ್ಗೆ ತಿಳಿದುಬಂದ ಸಂಗತಿಯನ್ನು ಈ ಕಸುಬಿಗೆ ಇಳಿಯುವವರು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಆಕ್ಷೇಪವನ್ನು ಒಪ್ಪದೆ ಗತಿಯಿಲ್ಲ. ಕಾಣಿಸದವರೆಲ್ಲ ಜಾಣರಾಗಿರಲಿಲ್ಲ. ಹೊಲವೇ ಇಲ್ಲದ ಜೀತದವನು, ವೆಟ್ಟಿ ಮಾಡಿದವನು, ಊರ ಹೊರಗೆ ಇರಿಸಲ್ಪಟ್ಟವನು ತಪ್ಪಿಸಿಕೊಂಡವನಲ್ಲ. ಬರೆಯಲು ಯೋಗ್ಯನೆಂದು ಯಾರಿಗೂ ಅನ್ನಿಸದೆ ಬಿಟ್ಟುಹೋದವನು. ಅವನ ಮೊಮ್ಮಗ ಇಂದು ಜಾತಿ ಪ್ರಮಾಣಪತ್ರದ ವಿಚಾರಣೆಯಲ್ಲಿ ನಿಂತಾಗ, ಅಂದು ಬರೆಯದೇ ಇದ್ದ ಕಾಗದವನ್ನೇ ಕಚೇರಿ ಕೇಳುತ್ತದೆ. ಅಲ್ಲಿ ಹಾಸ್ಯಕ್ಕೆ ಜಾಗವಿಲ್ಲ. ಆಯಿಯರದ್ದೂ ಅದೇ ಕಥೆ. ಗಂಡ ಸತ್ತು, ಮಗ ಚಿಕ್ಕವನಾಗಿ, ಹೊಲ ಬಾಯಿ ತೆರೆದು ನಿಂತಾಗ ಮಾತ್ರ ಪಹಣಿಯಲ್ಲಿ ಅವಳ ಹೆಸರು, ಮಗ ಪ್ರಾಯಕ್ಕೆ ಬರುವ ತನಕ. ಫೈಲಿನೊಳಗಿನ ವೃಕ್ಷದಲ್ಲಿ ಆಕೆಗೆ ಒಂದು ಖಾಲಿ ಚೌಕ ಕೂಡ ಇಲ್ಲ. ಗಂಡಸಿನಿಂದ ಗಂಡಸು ಚಿಗುರಿ ಏಳು ತಲೆಮಾರು ಆಗಿದೆ, ಸಸ್ಯಶಾಸ್ತ್ರಜ್ಞರು ನೋಡಬೇಕಾದ ಮರ. ನನ್ನ ವಾದ ನಿಲ್ಲುವುದು ನಾಲ್ಕೆಕರೆ ಇದ್ದು, ಎರಡು ತೋರಿಸಿದವರ ಮಟ್ಟಿಗೆ.

ಆ ಗುಣ ರಕ್ತದಲ್ಲಿ ಇಳಿದು ಬಂದಿದೆ ಎನ್ನಲು ಹಳೆ ಕಾಗದ ಬೇಕಿಲ್ಲ, ಪಡಿತರ ಚೀಟಿ ಸಾಕು. ಮಗನ ಹೆಸರಿನಲ್ಲಿ ಬೇರೆ ಒಲೆ ತೋರಿಸಿ, ವರಮಾನ 1 ಲಕ್ಷ 20 ಸಾವಿರದ ಒಳಗೆ ಎಂದು ಬರೆಸಿ ಬಿಪಿಎಲ್ ಕಾರ್ಡು ಮಾಡಿಸಿದ ಮನೆಯಿಂದಲೇ ಐದುನೂರು ಎಕರೆಯ ಮುತ್ಯಾನ ಶೋಧ ಹೊರಡುತ್ತದೆ. 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಗಿ, ಶಾಲೆಯ ಮೇಡಂಗಳು ಮೊಬೈಲ್ ಹಿಡಿದು 60 ಪ್ರಶ್ನೆಗಳೊಡನೆ ಮನೆಮನೆಗೆ ಬಂದರು. ಇಂಥ ಮನೆಯಲ್ಲಿ ಜಾತಿ, ಉಪಜಾತಿಯ ಪ್ರಶ್ನೆ ಬಂದಾಗ ಫೈಲು ಹೊರಗೆ ಬರುತ್ತದೆ, ಚಹಾ ಬರುತ್ತದೆ, ಬೆಡಗು, ಮೂಲಪುರುಷ, ಕುದುರೆ ಎಲ್ಲ ಬರುತ್ತವೆ. ಮೇಡಂ ಕಷ್ಟಪಟ್ಟು ಮುಂದಿನ ಪ್ರಶ್ನೆಗೆ ಬಂದು, "ಹೊಲ ಎಷ್ಟು ಅದ ರೀ ಸರ್?" ಎಂದು ಕೇಳಿದರೆ ಫೈಲಿನ ಗುಂಡಿ ಟಪ್ಪನೆ ಮುಚ್ಚಿಕೊಳ್ಳುತ್ತದೆ. "ಎಲ್ಲಿ ಹೊಲ ರೀ ಮೇಡಂ, ಮಳಿ ಇಲ್ಲ ಬೆಳಿ ಇಲ್ಲ. ತಮ್ಮನ ಹೆಸರಿಗಿ ಅದ, ಅವನ್ನೇ ಕೇಳ್ರಿ. ಅಂವ ಸಿಂದಗ್ಯಾಗ ಇರ್ತಾನ."